ದೊಡ್ಡಮ್ಮನ ಮೂಗು

ಮೈಸೂರಿನ ಸರಸ್ವತಿಪುರಂನಲ್ಲಿ ನಮ್ಮ ದೊಡ್ಡಮ್ಮನ ಮನೆ. ಆಷಾಢದ ಒಂದು ಬೆಳಿಗ್ಗೆ ಬೆಂಗಳೂರಿನಿಂದ ರೈಲಿಳಿದು ಹೋದರೆ ಮುಂಬಾಗಿಲು ಎಂದಿನಂತೆ ತೆರೆದೇ ಇತ್ತು. ಚಪ್ಪಲಿ ಬಿಡುವಷ್ಟರಲ್ಲೇ ಗ್ಯಾಸಿನ ವಾಸನೆ ಮೂಗಿಗೆ ರಾಚಿತು. ಒಳಗೆ ಓಡಿದೆ. ಒಲೆಯ ಮೇಲೆ ಹಾಲು ಉಕ್ಕಿ, ಬರ್ನರ್ ಮೇಲೆಲ್ಲ ಸುರಿದು, ಉರಿ ಆರಿಹೋಗಿತ್ತು. ನಾಬ್ ಮಾತ್ರ ಪೂರ್ತಿ ತಿರುಗಿಸಿದಂತೆಯೇ ಇತ್ತು. ಅಡುಗೆಮನೆಯ ಬಾಗಿಲಲ್ಲೇ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತ ದೊಡ್ಡಮ್ಮ ನಿಶ್ಚಿಂತೆಯಿಂದ ಹೂಬತ್ತಿ ಹೊಸೆಯುತ್ತಿದ್ದಳು. ಅವಳ ಬೆನ್ನ ಹಿಂದಿನ ದೇವರಮನೆಯಲ್ಲಿ, ನೆಲದಿಂದ ಒಂದು ಗೇಣು ಎತ್ತರದಲ್ಲಿ, ನಂದಾದೀಪ ಉರಿಯುತ್ತಿತ್ತು.

ಮೊದಲು ದೀಪ ಆರಿಸಿದೆ. ನಾಬ್ ತಿರುಗಿಸಿ, ರೆಗ್ಯುಲೇಟರ್ ಮುಚ್ಚಿ, ಹಿತ್ತಿಲ ಬಾಗಿಲು ತೆರೆದೆ. ಸ್ವಿಚ್ಚಿಗೆ ಕೈ ಹಾಕಲಿಲ್ಲ.

"ಅಯ್ಯೋ, ದೀಪ ಯಾಕೋ ಆರಿಸ್ದೆ?" ಎಂದು ದೊಡ್ಡಮ್ಮ ಸಿಟ್ಟಾದಳು.

"ವಾಸನೆ ಬರ್ತಿಲ್ವಾ ನಿಂಗೆ?"

"ಯಾವ ವಾಸನೆ?"

ಅವಳಿಗೆ 78 ವರ್ಷ. ಒಂಟಿ ಇರುತ್ತಾಳೆ, ಬ್ಯಾಂಕಿನ ಕೆಲಸ ತಾನೇ ಮಾಡಿಕೊಳ್ಳುತ್ತಾಳೆ, ಮರೆವು ಎನ್ನುವಂಥದ್ದೇನೂ ಇಲ್ಲ. ಅವತ್ತು ಮರೆತದ್ದು ಹಾಲೊಂದೇ. ಅದನ್ನು ಯಾರು ಮರೆತಿಲ್ಲ? ಹಾಲಿನ ಸ್ವಭಾವವೇ ಹಾಗೆ. ಬಿಸಿಯಾಗುತ್ತಿದ್ದಂತೆ ಪ್ರೋಟೀನು ಮತ್ತು ಜಿಡ್ಡು ಸೇರಿ ಮೇಲೆ ಕೆನೆಯ ಮುಚ್ಚಳ ಕಟ್ಟುತ್ತದೆ. ಕೆಳಗೆ ಹುಟ್ಟಿದ ಹಬೆಗೆ ಹೊರಹೋಗಲು ದಾರಿಯಿಲ್ಲ. ಮುಚ್ಚಳವನ್ನೇ ಎತ್ತಿಕೊಂಡು ಒಮ್ಮೆಗೇ ಮೇಲೇಳುತ್ತದೆ. ನೀರು ಕುದಿಯುವ ಮುಂಚೆ ಸದ್ದು ಮಾಡಿ ಎಚ್ಚರಿಸುತ್ತದೆ, ಹಾಲು ಕಣ್ಣು ತಪ್ಪಿಸಿಯೇ ಉಕ್ಕುತ್ತದೆ. ಗೃಹಪ್ರವೇಶದ ದಿನ ಹಾಲುಕ್ಕಿಸಿ ಕೈಮುಗಿಯುವ ನಾವು ಮಿಕ್ಕ ದಿನಗಳಲ್ಲಿ ಅದೇ ಉಕ್ಕಿಗೆ ಹೆದರಬೇಕು.

ಅವತ್ತು ಮನೆಗೆ ಏನಾಗಬಹುದಿತ್ತು ಎಂದು ರೈಲಿನಲ್ಲಿ ಮರಳುವಾಗ ಲೆಕ್ಕ ಹಾಕಿದೆ. ನಮ್ಮ ಸಿಲಿಂಡರಿನಲ್ಲಿರುವುದು ಪ್ರೊಪೇನ್ ಮತ್ತು ಬ್ಯುಟೇನ್. ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ಬ್ಯುಟೇನ್ ಎರಡು ಪಟ್ಟು. ಸೋರಿದ ಅನಿಲ ಮೇಲೇಳದೆ ಸುರಿದ ನೀರಿನಂತೆ ನೆಲ ಹಿಡಿದು ಹರಿಯುತ್ತದೆ, ತಗ್ಗು ಕಂಡಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಶೇಕಡಾ 2ರ ಹತ್ತಿರ ಬಂದರೆ ಕಿಡಿಗೆ ಹೊತ್ತಿಕೊಳ್ಳುತ್ತದೆ. ಶೇಕಡಾ 9 ದಾಟಿದರೆ ಗಾಳಿ ಸಾಲದೆ ಹೊತ್ತುವುದಿಲ್ಲ. ದೊಡ್ಡಮ್ಮನ ಅಡುಗೆಮನೆ 10 ಅಡಿ ಉದ್ದ, 8 ಅಡಿ ಅಗಲ, 10 ಅಡಿ ಎತ್ತರ. ಇಡೀ ಕೋಣೆಯ ಗಾಳಿ ಶೇಕಡಾ 2ಕ್ಕೆ ಮುಟ್ಟಬೇಕಾದರೆ ಹತ್ತಿರ ಹತ್ತಿರ ಒಂದು ಕಿಲೋ ಅನಿಲ ಬೇಕು. ಒಂದು ಬರ್ನರ್ ಗಂಟೆಗೆ 150 ಗ್ರಾಂ ಬಿಡುತ್ತದೆ ಎಂದಿಟ್ಟುಕೊಂಡರೆ ಆರು ಗಂಟೆಗೂ ಹೆಚ್ಚು ಹೊತ್ತು. ಇಷ್ಟೇ ಆಗಿದ್ದರೆ ನೆಮ್ಮದಿ. ಆದರೆ ಅನಿಲ ಕೋಣೆ ತುಂಬುವುದಿಲ್ಲ, ನೆಲಕ್ಕೆ ಹಾಸಿಕೊಳ್ಳುತ್ತದೆ. ನೆಲದ ಮೇಲಿನ ಅರ್ಧ ಅಡಿ ಪದರವನ್ನಷ್ಟೇ ಲೆಕ್ಕಕ್ಕೆ ಹಿಡಿದರೆ 50 ಗ್ರಾಮಿಗಿಂತ ಕಡಿಮೆ ಸಾಕು, 20 ನಿಮಿಷದ ಸೋರಿಕೆ. ಇದು ಒರಟು ಲೆಕ್ಕ, ನಿಜ. ಕಿಟಕಿಯ ಗಾಳಿ, ಓಡಾಟ ಎಲ್ಲ ಅನಿಲವನ್ನು ಕಲಕಿ ತೆಳುವಾಗಿಸುತ್ತವೆ. ಆದರೂ ಆ ಅರ್ಧ ಅಡಿಯ ಆಸುಪಾಸಿನಲ್ಲಿ ಏನೇನಿರುತ್ತದೆ ನೋಡಿ: ಫ್ರಿಜ್ಜಿನ ಮೋಟರು, ಸೊಳ್ಳೆಬತ್ತಿ, ನಂದಾದೀಪ.

ಕುರ್ಚಿಯ ವಿಷಯವೂ ಇಲ್ಲೇ ಬರುತ್ತದೆ. ಮೊದಲಾದರೆ ದೊಡ್ಡಮ್ಮ ನೆಲದ ಮೇಲೆ ಮಣೆ ಹಾಕಿಕೊಂಡು ಕೂರುತ್ತಿದ್ದಳು. ಮಂಡಿನೋವು ಶುರುವಾದ ಮೇಲೆ ಕುರ್ಚಿ ಬಂತು. ಅನಿಲ ಕೆಳಗೆ, ಮೂಗು ನಾಲ್ಕಡಿ ಮೇಲೆ. ಆದರೆ ಬಾಗಿಲಲ್ಲಿ ನಿಂತ ನನ್ನ ಮೂಗು ಇನ್ನೂ ಮೇಲಿತ್ತಲ್ಲ, ನನಗೆ ಬಡಿದ ವಾಸನೆ ಅವಳಿಗೇಕೆ ಬರಲಿಲ್ಲ?

ಅಡುಗೆ ಅನಿಲಕ್ಕೆ ಅದರದ್ದೇ ಆದ ವಾಸನೆಯೆಂಬುದಿಲ್ಲ. ನಾವು 'ಗ್ಯಾಸ್ ವಾಸನೆ' ಎನ್ನುವುದು ಬೇಕೆಂದೇ ಬೆರೆಸಿದ ಗಂಧಕದ ಸಂಯುಕ್ತದ್ದು, ಈಥೈಲ್ ಮರ್ಕ್ಯಾಪ್ಟನ್. ಕೊಳೆತ ಎಲೆಕೋಸು, ಕೊಳೆತ ಈರುಳ್ಳಿ ನೆನಪಿಗೆ ತರುವಂಥದ್ದು. ಹೀಗೆ ದುರ್ವಾಸನೆ ಬೆರೆಸುವುದು ಕಾನೂನಾಗುವುದಕ್ಕೆ ದೊಡ್ಡ ಬೆಲೆ ತೆರಬೇಕಾಯಿತು. 1937ರ ಮಾರ್ಚ್ 18ರಂದು ಅಮೆರಿಕದ ಟೆಕ್ಸಸ್‌ನ ನ್ಯೂ ಲಂಡನ್ ಎಂಬ ಊರಿನ ಶಾಲೆಯ ನೆಲದಡಿಯಲ್ಲಿ ವಾಸನೆಯಿಲ್ಲದ ನೈಸರ್ಗಿಕ ಅನಿಲ ಸೋರಿ ತುಂಬಿಕೊಂಡಿತ್ತು. ಮರ ಉಜ್ಜುವ ವಿದ್ಯುತ್ ಯಂತ್ರವೊಂದರ ಕಿಡಿ ಸಾಕಾಯಿತು. ಸುಮಾರು 300 ಜನ ಸತ್ತರು, ಹೆಚ್ಚಿನವರು ಮಕ್ಕಳು. ಅನಿಲಕ್ಕೆ ವಾಸನೆ ಕಟ್ಟಬೇಕೆಂದು ಟೆಕ್ಸಸ್ ಕೂಡಲೇ ಕಾನೂನು ಮಾಡಿತು, ಮಿಕ್ಕವರು ಹಿಂಬಾಲಿಸಿದರು. ಹೊತ್ತಿಕೊಳ್ಳುವ ಪ್ರಮಾಣದ ಐದರಲ್ಲೊಂದು ಪಾಲು ಗಾಳಿಗೆ ಬರುವಷ್ಟರಲ್ಲೇ ಮೂಗಿಗೆ ಗೊತ್ತಾಗಬೇಕು ಎನ್ನುವುದು ಇವತ್ತಿನ ನಿಯಮ.

ಮರ್ಕ್ಯಾಪ್ಟನ್ ಹಿಡಿಯುವುದರಲ್ಲಿ ಮನುಷ್ಯನ ಮೂಗು ಸಾಮಾನ್ಯದ್ದಲ್ಲ. ಗಾಳಿಯ ನೂರು ಕೋಟಿ ಕಣಗಳಲ್ಲಿ ಒಂದೆರಡು ಕಣ ಇದ್ದರೂ ಪತ್ತೆ ಮಾಡುತ್ತದೆ. ಮೂಗಿನೊಳಗೆ ಸುಮಾರು 400 ಬಗೆಯ ಗ್ರಾಹಕಗಳಿವೆ. ಇಂಥ ಗ್ರಾಹಕಗಳ ವಂಶವಾಹಿಗಳನ್ನು 1991ರಲ್ಲಿ ಗುರುತಿಸಿದ್ದಕ್ಕೆ ಲಿಂಡಾ ಬಕ್ ಮತ್ತು ರಿಚರ್ಡ್ ಆ್ಯಕ್ಸೆಲ್ ಅವರಿಗೆ 2004ರ ನೊಬೆಲ್ ಬಂತು. ಮರ್ಕ್ಯಾಪ್ಟನ್ ಜಾತಿಯ ಕಣಗಳಿಗೆ ತಕ್ಕ ಗ್ರಾಹಕವೊಂದು ಸರಿಯಾಗಿ ಕೆಲಸ ಮಾಡಲು ತಾಮ್ರ ಬೇಕು ಎಂದು 2016ರಲ್ಲಿ ತಿಳಿದುಬಂತು. ಗಂಧಕಕ್ಕೂ ತಾಮ್ರಕ್ಕೂ ಇರುವ ನಂಟು ಹಿತ್ತಾಳೆ ಪಾತ್ರೆ ಬೆಳಗುವವರಿಗೆ ಗೊತ್ತಿದ್ದದ್ದೇ. ಮೂಗಿನೊಳಗೂ ಅದೇ ನಂಟು.

ಇಂಥ ಮೂಗಿಗೂ ವಯಸ್ಸಾಗುತ್ತದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ರಿಚರ್ಡ್ ಡೋಟಿ ಮತ್ತು ಸಂಗಡಿಗರು, ಕೆರೆದು ಮೂಸುವ 40 ವಾಸನೆಗಳ ಪುಸ್ತಿಕೆ ಕೊಟ್ಟು, ಐದು ವರ್ಷದ ಮಕ್ಕಳಿಂದ 99ರ ಮುದುಕರವರೆಗೆ ಸುಮಾರು 2000 ಜನರನ್ನು ಪರೀಕ್ಷಿಸಿ 1984ರಲ್ಲಿ ಫಲಿತಾಂಶ ಪ್ರಕಟಿಸಿದರು. 65ರಿಂದ 80ರೊಳಗಿನ ಅರ್ಧಕ್ಕಿಂತ ಹೆಚ್ಚು ಜನರಿಗೆ, 80 ದಾಟಿದ ಮುಕ್ಕಾಲಿಗಿಂತ ಹೆಚ್ಚು ಜನರಿಗೆ, ವಾಸನೆಯ ಶಕ್ತಿ ಗಣನೀಯವಾಗಿ ಕುಗ್ಗಿತ್ತು. ನಮ್ಮ ಚರ್ಮದ ಹಾಗೆ ಮೂಗಿನ ವಾಸನೆಕೋಶಗಳೂ ಸಾಯುತ್ತ ಹುಟ್ಟುತ್ತ ಇರುತ್ತವೆ, ಆದರೆ ವಯಸ್ಸಾದಂತೆ ಹುಟ್ಟುವುದು ಕಡಿಮೆ. ಈ ಕೋಶಗಳ ನರದೆಳೆಗಳು ಮೂಗಿನ ಮೇಲಿರುವ ಜರಡಿಯಂಥ ಮೂಳೆಯ ತೂತುಗಳಲ್ಲಿ ನುಸುಳಿ ಮಿದುಳು ಸೇರಬೇಕು. ಆ ತೂತುಗಳೂ ಕಿರಿದಾಗುತ್ತ ಬರುತ್ತವೆ. ಇದಲ್ಲದೆ ಪಾರ್ಕಿನ್ಸನ್, ಆಲ್ಝೈಮರ್ ಕಾಯಿಲೆಗಳು ಕೈ ನಡುಗಿಸುವ, ನೆನಪು ಕೆಡಿಸುವ ಎಷ್ಟೋ ಮುಂಚೆಯೇ ಮೂಗಿಗೆ ಕೈ ಹಾಕುವುದುಂಟು.

ಕಣ್ಣು ಮಂಜಾದರೆ ಗೊತ್ತಾಗುತ್ತದೆ. ಕಿವಿ ಮಂದವಾದರೆ ನಮಗಲ್ಲದಿದ್ದರೂ ಮನೆಮಂದಿಗೆ ಗೊತ್ತಾಗುತ್ತದೆ. ಮೂಗು ಹೋದದ್ದು ಯಾರಿಗೂ ಗೊತ್ತಾಗುವುದಿಲ್ಲ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಬೀವರ್ ಡ್ಯಾಮ್ ಎಂಬಲ್ಲಿ 53ರಿಂದ 97 ವರ್ಷದ ಸುಮಾರು 2500 ಜನರನ್ನು ಪರೀಕ್ಷಿಸಿದ ವರದಿ 2002ರಲ್ಲಿ ಬಂತು. ನೂರಕ್ಕೆ 24 ಮಂದಿಯ ಮೂಗು ಸೋತಿತ್ತು, 80 ದಾಟಿದವರಲ್ಲಿ ನೂರಕ್ಕೆ 62 ಮಂದಿಯದ್ದು. ಆದರೆ ಕೇಳಿದಾಗ, ತಮಗೆ ವಾಸನೆ ಸರಿಯಾಗಿ ತಿಳಿಯುವುದಿಲ್ಲ ಎಂದು ಹೇಳಿಕೊಂಡವರು ಒಟ್ಟಾರೆ ನೂರಕ್ಕೆ ಹತ್ತೂ ಇರಲಿಲ್ಲ.

ದೊಡ್ಡಮ್ಮನೂ ಒಪ್ಪಲಿಲ್ಲ. "ನನ್ನ ಮೂಗಿಗೇನಾಗಿದೆ? ಈಗಲೂ ಒಗ್ಗರಣೆ ಹಾಕಿದರೆ ಸೀನು ಬರತ್ತೆ" ಎಂದಳು. ವಾದ ಮಾಡಲು ಬಾಯಿ ತೆರೆದವನು ಅಲ್ಲೇ ನಿಂತೆ. ಇಡೀ ರಹಸ್ಯ ಆ ಮಾತಿನಲ್ಲೇ ಇತ್ತು.

ಕನ್ನಡದಲ್ಲಿ ಎರಡು ಮಾತಿವೆ, ವಾಸನೆ ಮತ್ತು ಘಾಟು. ಮಲ್ಲಿಗೆಗೆ ಘಾಟು ಎನ್ನುವುದಿಲ್ಲ. ಮೆಣಸಿನಕಾಯಿ ಹುರಿದಾಗ ಬರುವುದು ವಾಸನೆಗಿಂತ ಹೆಚ್ಚಾಗಿ ಘಾಟು. ಶರೀರವಿಜ್ಞಾನದಲ್ಲಿ ಇವೆರಡೂ ಬೇರೆ ಬೇರೆ ತಂತಿಗಳು. ವಾಸನೆ ಬರುವುದು ಮೇಲೆ ಹೇಳಿದ ಜರಡಿ ದಾಟಿ. ಘಾಟು ಬರುವುದು ಟ್ರೈಜೆಮಿನಲ್ ಎಂಬ ಮುಖದ ನರದ ಮೂಲಕ. ಹಲ್ಲುನೋವು, ಕಣ್ಣಿನ ಉರಿಗಳನ್ನು ಹೊತ್ತು ತರುವ ನರವೇ ಇದು. ಈರುಳ್ಳಿ ಹೆಚ್ಚಿದಾಗ ಕಣ್ಣೀರು ತರಿಸುವುದೂ ಇದೇ. ಅಂದರೆ ಘಾಟು ಒಂದು ಬಗೆಯ ನೋವು. ವಾಸನೆಯೇ ಸತ್ತ ಮೂಗಿಗೂ ಸಾಸಿವೆಯ, ಮೆಣಸಿನಕಾಯಿಯ ಘಾಟು ತಟ್ಟುತ್ತದೆ, ಸೀನು ಬರುತ್ತದೆ. ಸೀನಿದವರು ಮೂಗು ನೆಟ್ಟಗಿದೆ ಎಂದು ನೆಮ್ಮದಿಯಿಂದಿರುತ್ತಾರೆ. ಗ್ಯಾಸಿಗೆ ಬೆರೆಸುವ ಅಷ್ಟು ಚೂರು ಮರ್ಕ್ಯಾಪ್ಟನ್ನಿಗೆ ಘಾಟಿಲ್ಲ, ವಾಸನೆ ಮಾತ್ರ. ದೊಡ್ಡಮ್ಮನ ಒಂದು ತಂತಿ ಕಡಿದಿತ್ತು, ಇನ್ನೊಂದು ಗಟ್ಟಿಯಾಗಿತ್ತು.

ಮಧ್ಯಾಹ್ನ ಅಡುಗೆಮನೆಯಲ್ಲೇ ಒಂದು ಸಣ್ಣ ಪರೀಕ್ಷೆ ಮಾಡಿದೆವು. ಅವಳು ಕಣ್ಣು ಮುಚ್ಚಿ ಕೂತಳು. ಮೊದಲು ಇಂಗಿನ ಡಬ್ಬಿಯನ್ನು ಮೂಗಿನ ಬಳಿ ಹಿಡಿದೆ. ಇಂಗಿನ ವಾಸನೆಗೆ ಕಾರಣವೂ ಗಂಧಕದ ಸಂಯುಕ್ತಗಳೇ, ಮರ್ಕ್ಯಾಪ್ಟನ್ನಿಗೆ ದೂರದ ದಾಯಾದಿಗಳು. "ಏನೂ ಇಲ್ಲ, ಖಾಲಿ ಡಬ್ಬಿ ಹಿಡೀಬೇಡ" ಎಂದಳು. ಕಾಫಿಪುಡಿ ಹಿಡಿದಾಗ ತುಸು ಯೋಚಿಸಿ "ಸಾರಿನಪುಡಿ?" ಎಂದಳು. ಕಣ್ಣು ಬಿಟ್ಟು ಇಂಗಿನ ಡಬ್ಬಿ ನೋಡಿದಾಗ ಇಂಗು ತಿಂದ ಮಂಗನ ಹಾಗಾಯಿತು ಅವಳ ಮುಖ, ನನ್ನದೂ. ಇದು ವೈದ್ಯರ ಪರೀಕ್ಷೆಯಲ್ಲ, ನೆಗಡಿಯಾದರೂ ಹೀಗಾಗಬಹುದು. ಆದರೆ ಅಪ್ಪ ಅಮ್ಮನ ಬಿಪಿ ಕೇಳುವ ಮಕ್ಕಳು ವರ್ಷಕ್ಕೊಮ್ಮೆ ಇಂಗಿನ ಡಬ್ಬಿಯನ್ನೂ ಹಿಡಿದು ನೋಡಿದರೆ ನಷ್ಟವಿಲ್ಲ.

ಎಳೆಯ ಮೂಗೂ ರಾತ್ರಿ ಕಾವಲಿಗೆ ಆಗುವುದಿಲ್ಲ. ಬ್ರೌನ್ ವಿಶ್ವವಿದ್ಯಾಲಯದ ಮೇರಿ ಕಾರ್ಸ್ಕಾಡನ್ ಮತ್ತು ರೇಚಲ್ ಹರ್ಟ್ಝ್, ನಿದ್ದೆ ಹೋದ ಯುವಕ ಯುವತಿಯರ ಮೂಗಿಗೆ ಪುದೀನದ ಕಂಪು ಮತ್ತು ಪಿರಿಡಿನ್ ಎಂಬ ಅಸಹ್ಯ ವಾಸನೆ ಬಿಟ್ಟು ನೋಡಿದರು. ಗಾಢ ನಿದ್ದೆಯಲ್ಲಿ ಎರಡೂ ಅವರನ್ನು ಎಬ್ಬಿಸಲಿಲ್ಲ. ಸುಡುತ್ತಿರುವ ವಾಸನೆಗೆ ಎಚ್ಚರವಾಗುತ್ತದೆ ಎಂಬ ನಮ್ಮ ನಂಬಿಕೆ ಸುಳ್ಳು ಎಂದು 2004ರಲ್ಲಿ ಅವರು ಬರೆದರು. ಘಾಟಾದರೆ? ಜಪಾನಿನ ತಂಡವೊಂದು ವಸಾಬಿಯ ಘಾಟನ್ನು ಗಾಳಿಗೆ ಎರಚಿ ಮಲಗಿದವರನ್ನು ಎಬ್ಬಿಸುವ ಬೆಂಕಿ ಅಲಾರ್ಮ್ ಮಾಡಿ 2011ರಲ್ಲಿ ಇಗ್ ನೊಬೆಲ್ ಪಡೆಯಿತು. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಬಹುಮಾನ ಅದು. ವಸಾಬಿಯ ಘಾಟಿಗೆ ಕಾರಣ ಅಲೈಲ್ ಐಸೋಥಯೋಸಯನೇಟ್. ನಮ್ಮ ಸಾಸಿವೆಯ ಖಾರವೂ ಅದೇ. ಕಿವುಡರನ್ನೂ ಎಬ್ಬಿಸುವ ಅಲಾರ್ಮ್ ಅದು.

ಕಿವಿಯ ಕಥೆ ಚುಟುಕಾಗಿ ಹೇಳುತ್ತೇನೆ. ವಯಸ್ಸಾದವರಿಗೆ ಮೊದಲು ಕೇಳದಾಗುವುದು ಕೀರಲು ಸದ್ದು. ಸಾಮಾನ್ಯ ಹೊಗೆ ಅಲಾರ್ಮುಗಳು ಕಿರುಚುವುದು ಸುಮಾರು 3100 ಹರ್ಟ್ಝ್‌ನಲ್ಲಿ, ಸರಿಯಾಗಿ ಆ ಕೀರಲಿನಲ್ಲೇ. ಆಸ್ಟ್ರೇಲಿಯಾದ ಡೊರೊಥಿ ಬ್ರಕ್ ಮತ್ತಿತರರು ಮಲಗಿದವರ ಮೇಲೆ ಪ್ರಯೋಗ ಮಾಡಿ, 520 ಹರ್ಟ್ಝ್‌ನ ದಪ್ಪ, ಒರಟು ದನಿ ಇದಕ್ಕಿಂತ ಎಷ್ಟೋ ಚೆನ್ನಾಗಿ ಎಬ್ಬಿಸುತ್ತದೆ ಎಂದು ತೋರಿಸಿದರು. ಕಿವಿ ಮಂದವಾದವರು ಮಲಗುವ ಕೋಣೆಗೆ ಈ ದನಿಯೇ ಇರಲಿ ಎಂದು ಅಮೆರಿಕದ ಅಲಾರ್ಮ್ ಸಂಹಿತೆ 2010ರಿಂದ ಹೇಳುತ್ತಿದೆ. ಒಗ್ಗರಣೆಯ ಹೊಗೆ ದಿನವೂ ಏಳುವ ನಮ್ಮ ಮನೆಗಳಲ್ಲಿ ಹೊಗೆ ಅಲಾರ್ಮ್ ಅಪರೂಪ. ಆದರೂ ಯಾವ ಅಲಾರ್ಮ್ ತಂದರೂ ಅದನ್ನು ಕೇಳಬೇಕಾದ ಕಿವಿ ಯಾರದ್ದು ಎಂದು ಅಂಗಡಿಯಲ್ಲಿ ಯಾರೂ ಕೇಳುವುದಿಲ್ಲ.

ಚರ್ಮದ ವಿಷಯ ಇದಕ್ಕಿಂತ ಕಠೋರ. 1947ರಲ್ಲಿ ಮೊರಿಟ್ಝ್ ಮತ್ತು ಹೆನ್ರಿಕೆಸ್ ಎಂಬಿಬ್ಬರು ಎಷ್ಟು ಬಿಸಿಗೆ ಎಷ್ಟು ಹೊತ್ತಿನಲ್ಲಿ ಚರ್ಮ ಬೇಯುತ್ತದೆ ಎಂದು ಅಳೆದರು. 44 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆರು ಗಂಟೆ ಬೇಕು, 60 ಡಿಗ್ರಿಯಲ್ಲಿ ಐದು ಸೆಕೆಂಡು ಸಾಕು. ಇದು ಗಟ್ಟಿ ವಯಸ್ಕರ ಚರ್ಮದ ಲೆಕ್ಕ. ಮುಪ್ಪಿನ ಚರ್ಮ ತೆಳು, ಇನ್ನೂ ಬೇಗ ಬೇಯುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದಿದ್ದರೆ ಬಿಸಿ ತಿಳಿಯುವುದೂ ಇಲ್ಲ. ಗೀಸರಿನ ತಿರುಗುಗುಂಡಿ 60ರ ಮೇಲಿದ್ದರೆ 50ರ ಕೆಳಗೆ ಇಳಿಸಿ, ಬಕೆಟ್ಟಿಗೆ ಮೊದಲು ತಣ್ಣೀರು ಬಿಟ್ಟು ಆಮೇಲೆ ಬಿಸಿನೀರು ಬಿಟ್ಟರೆ ಅರ್ಧ ಅಪಾಯ ಕಳೆಯಿತು. ಫ್ರಾನ್ಸಿನ ಸೆರ್ಜ್ ಬೋ ಎಂಬ ವೈದ್ಯ 1961ರಲ್ಲಿ ಒಂದು ಸರಳ ಕೂಡುವ ಲೆಕ್ಕ ಕೊಟ್ಟ: ರೋಗಿಯ ವಯಸ್ಸಿಗೆ ಸುಟ್ಟ ಮೈಯ ಶೇಕಡಾವಾರನ್ನು ಕೂಡಿಸಿ, ಮೊತ್ತ ನೂರರ ಹತ್ತಿರ ಹೋದರೆ ಉಳಿಯುವುದು ಕಷ್ಟ. ಇವತ್ತಿನ ಚಿಕಿತ್ಸೆ ಆ ಗೆರೆಯನ್ನು ಮೇಲಕ್ಕೆ ಸರಿಸಿದೆ, ಆದರೆ ಕೂಡುವ ಲೆಕ್ಕ ಹಾಗೇ ಇದೆ. ಇಪ್ಪತ್ತರ ಹುಡುಗಿ ಬದುಕಿ ಬರುವಂಥ ಸುಟ್ಟಗಾಯದಿಂದ ಎಂಬತ್ತರ ಅಜ್ಜಿ ಬರುವುದಿಲ್ಲ. ಆರತಿ ಎತ್ತುವಾಗ ಜಾರುವ ಸೆರಗು, ಒಲೆಯಾಚೆಯ ಡಬ್ಬಿಗೆ ಚಾಚುವ ತೋಳು, ಸಿಂಥೆಟಿಕ್ ನೈಟಿ, ಇವೆಲ್ಲ ವಯಸ್ಸಿಗೆ ತಕ್ಕಂತೆ ಅಪಾಯವಾಗುವುದು ಹೀಗೆ. ಸಿಂಥೆಟಿಕ್ ಉರಿಯುವುದಷ್ಟೇ ಅಲ್ಲ, ಕರಗಿ ಮೈಗೆ ಅಂಟುತ್ತದೆ. ಸುಟ್ಟ ಜಾಗಕ್ಕೆ ಟೂತ್‌ಪೇಸ್ಟೂ ಬೇಡ, ಶಾಯಿಯೂ ಬೇಡ, ಐಸೂ ಬೇಡ. ನಲ್ಲಿಯ ತಣ್ಣೀರು, 20 ನಿಮಿಷ. ಮಿಕ್ಕ ಮೈಗೆ ಹೊದಿಕೆ, ಏಕೆಂದರೆ ವಯಸ್ಸಾದವರ ಮೈ ಬೇಗ ತಣಿಯುತ್ತದೆ.

ಗ್ಯಾಸ್ ಗೀಸರಿಗೆ ಒಂದೇ ಮಾತು. ಕಿಟಕಿಯಿಲ್ಲದ ಬಚ್ಚಲಲ್ಲಿ ಅದು ಉರಿದರೆ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಘಾಟೂ ಇಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಇಲ್ಲಿ ಯಾವ ವಯಸ್ಸಿನ ಮೂಗೂ ಪ್ರಯೋಜನವಿಲ್ಲ. ಗ್ಯಾಸ್ ಗೀಸರಿನ ಜಾಗ ಬಚ್ಚಲಿನ ಹೊರಗೆ, ಬಯಲು ಗಾಳಿಯಲ್ಲಿ.

ದೊಡ್ಡಮ್ಮನ ಮನೆಗೆ ಏನು ಮಾಡುವುದು? "ಎಚ್ಚರವಾಗಿರು" ಎಂದು ಫೋನಿನಲ್ಲಿ ಹೇಳುವುದು ಸುಲಭ. ಇಲ್ಲದ ಮೂಗಿಗೆ ಎಚ್ಚರ ಎಲ್ಲಿಂದ ಬರಬೇಕು? ಅವಳನ್ನು ಒಲೆಯಿಂದ ಬಿಡಿಸುವ ಮಾತು ಅಣ್ಣ ಎತ್ತಿದ. ನನಗೆ ಅದು ಸರಿಯೆನಿಸಲಿಲ್ಲ. ಮೂಗು ಬಿಟ್ಟುಕೊಟ್ಟ ಕೆಲಸವನ್ನು ವಸ್ತುಗಳಿಗೆ ವಹಿಸಬೇಕೇ ಹೊರತು ಅವಳ ಅಡುಗೆಮನೆಯನ್ನು ಕಿತ್ತುಕೊಳ್ಳಬಾರದು.

ಮೊದಲು ಒಲೆ ಬದಲಾಯಿತು. ಉರಿ ಆರಿದರೆ ಅನಿಲವನ್ನೂ ತಾನೇ ನಿಲ್ಲಿಸುವ ಒಲೆಗಳಿವೆ. ಬರ್ನರ್ ಪಕ್ಕದಲ್ಲಿ ಕಡ್ಡಿಯಂತೆ ನಿಂತಿರುವುದು ಎರಡು ಲೋಹಗಳ ಬೆಸುಗೆ, ಥರ್ಮೋಕಪಲ್. ಉರಿ ತಾಗಿದಷ್ಟು ಹೊತ್ತು ಅದರಲ್ಲಿ ಕೆಲವು ಮಿಲಿವೋಲ್ಟ್ ವಿದ್ಯುತ್ತು ಹುಟ್ಟಿ, ಪುಟ್ಟ ಅಯಸ್ಕಾಂತವೊಂದು ಕವಾಟವನ್ನು ತೆರೆದು ಹಿಡಿದಿರುತ್ತದೆ. ಹಾಲುಕ್ಕಿ ಉರಿ ಆರಿದರೆ ಕಡ್ಡಿ ತಣ್ಣಗಾಗಿ ಸ್ವಲ್ಪ ಹೊತ್ತಿನಲ್ಲೇ ಕವಾಟ ಟಪ್ಪೆಂದು ಮುಚ್ಚುತ್ತದೆ. ಬ್ಯಾಟರಿ ಬೇಡ, ಕರೆಂಟು ಬೇಡ. ನಮ್ಮಲ್ಲಿ ಹೆಚ್ಚಾಗಿ ಮಾರಾಟವಾಗುವ ಎರಡು ಬರ್ನರಿನ ಒಲೆಗಳಲ್ಲಿ ಇದಿರುವುದಿಲ್ಲ, ಕೇಳಿ ತರಬೇಕು. ಹಚ್ಚುವಾಗ ನಾಬನ್ನು ಮೂರ್ನಾಲ್ಕು ಸೆಕೆಂಡು ಒತ್ತಿ ಹಿಡಿಯಬೇಕು. ಕೀಲುನೋವಿನ ಬೆರಳಿಗೆ ಅದು ಕಿರಿಕಿರಿ ಎಂದು ದೊಡ್ಡಮ್ಮ ವಾರವಿಡೀ ಗೊಣಗಿದಳು. ಅದು ಸುಳ್ಳಲ್ಲ.

ಆಮೇಲೆ ಅನಿಲ ಪತ್ತೆಯ ಪೆಟ್ಟಿಗೆ. ಇದರ ಮೂಲ ಜಪಾನಿನ ನಾವೋಯೋಶಿ ತಾಗುಚಿ 1962ರಲ್ಲಿ ರೂಪಿಸಿದ ತವರದ ಆಕ್ಸೈಡಿನ ಸಂವೇದಕ. ಬಿಸಿ ಮಾಡಿದ ತವರದ ಆಕ್ಸೈಡಿನ ಮೈಗೆ ಗಾಳಿಯ ಆಮ್ಲಜನಕ ಅಂಟಿಕೊಂಡು ಅದರ ಎಲೆಕ್ಟ್ರಾನುಗಳನ್ನು ಕಟ್ಟಿಹಾಕುತ್ತದೆ, ವಿದ್ಯುತ್ತು ಹರಿಯುವುದು ಕಷ್ಟವಾಗುತ್ತದೆ. ಉರಿಯಬಲ್ಲ ಅನಿಲ ಬಂದರೆ ಆ ಆಮ್ಲಜನಕದೊಂದಿಗೆ ಕೂಡಿ ಎಲೆಕ್ಟ್ರಾನುಗಳನ್ನು ಬಿಡಿಸುತ್ತದೆ. ವಿದ್ಯುತ್ತು ಸಲೀಸಾಗಿ ಹರಿಯುತ್ತದೆ, ಅಲಾರ್ಮ್ ಕೂಗುತ್ತದೆ. ಕೂಡಿಸಲು ಬಂದವನು ಅದನ್ನು ಚಾವಣಿಯ ಹತ್ತಿರ ತೂತು ಕೊರೆದು ಹಾಕಿದ. "ಹೊಗೆ ಮೇಲಕ್ಕೇ ಹೋಗೋದಲ್ವಾ ಸಾರ್" ಎಂದ. ಹೊಗೆಯಲ್ಲಪ್ಪ, ಇದು ಗ್ಯಾಸು, ಕೆಳಗೆ ಹರಿಯುತ್ತದೆ ಎಂದು ವಿವರಿಸಿ, ನೆಲದಿಂದ ಒಂದಡಿ ಎತ್ತರಕ್ಕೆ ಇಳಿಸಿಕೊಳ್ಳಬೇಕಾಯಿತು. ಚಾವಣಿಯ ಎರಡು ತೂತು ಇನ್ನೂ ಹಾಗೇ ಇವೆ. ಪೆಟ್ಟಿಗೆಯ ಕೂಗು ಮಲಗುವ ಕೋಣೆಯಲ್ಲಿ ದೊಡ್ಡಮ್ಮನಿಗೆ ಕೇಳಿಸಲಿಲ್ಲ, ನನಗೆ ಕಿವಿ ಗುಂಯ್‌ಗುಡುತ್ತಿತ್ತು. ಅವಳ ಮಂಚದ ಬಳಿ ದಪ್ಪ ದನಿಯ ಇನ್ನೊಂದು ಬಜರ್ ಜೋಡಿಸಿದೆವು. ಎಮ್ಮೆ ಕೂಗಿದ ಹಾಗಿದೆ ಎಂದಳು. ಕೇಳಿಸಿತಲ್ಲ, ಅಷ್ಟು ಸಾಕು.

ಸಿಲಿಂಡರಿನ ಪಕ್ಕದ ಗೋಡೆಗೆ ದೊಡ್ಡ ಅಂಕೆಗಳಲ್ಲಿ 1906 ಎಂದು ಬರೆದು ಅಂಟಿಸಿದೆ, ಗ್ಯಾಸ್ ಸೋರಿಕೆಗೆ ದೇಶಕ್ಕೆಲ್ಲ ಅದೇ ತುರ್ತು ಸಂಖ್ಯೆ. ಕಿತ್ತಳೆ ಬಣ್ಣದ ಸುರಕ್ಷಾ ಪೈಪಿನ ಮೇಲಿನ ವರ್ಷ ನೋಡಿದರೆ ಐದು ವರ್ಷದ ಗಡುವು ಎಂದೋ ಮುಗಿದಿತ್ತು, ಬದಲಾಯಿಸಿದೆವು. ನಂದಾದೀಪದ ಬಗ್ಗೆ ಮಾತ್ರ ಒಪ್ಪಂದವಾಗಲು ಎರಡು ದಿನ ಹಿಡಿಯಿತು. ಕೊನೆಗೆ ಅದು ಸೊಂಟದೆತ್ತರದ ಕಲ್ಲಿನ ಗೂಡಿಗೆ ಏರಿತು. ದೇವರನ್ನೂ ಮೇಲೇರಿಸಬೇಕಾಯಿತು, ಮಂಡಿನೋವಿಗೂ ಅನುಕೂಲ ಎಂದು ಅವಳೇ ಕಾರಣ ಹುಡುಕಿಕೊಂಡಳು.

ಮೊನ್ನೆ ಫೋನು ಮಾಡಿದ್ದಳು. ಪೆಟ್ಟಿಗೆ ಒಮ್ಮೆ ಕೂಗಿತಂತೆ, ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡು ಅದರ ಪಕ್ಕ ಕಸ ಗುಡಿಸುತ್ತಿದ್ದಾಗ. ಮದ್ಯಸಾರದ ಆವಿಗೂ ಅದು ಹಾಗೇ ಬೆಚ್ಚುತ್ತದೆ ಎಂದೆ. ಭೂತಕನ್ನಡಿ ಹಿಡಿದು ಅದರ ಬೆನ್ನಿನ ಚೀಟಿ ಓದಿದಳಂತೆ: ಐದು ವರ್ಷದ ನಂತರ ಬದಲಾಯಿಸಿ ಎಂದಿದೆ. "ಇದರ ಮೂಗೂ ಹೋಗತ್ತಾ?" ಎಂದು ಕೇಳಿದಳು. ಹೋಗುತ್ತದೆ, ಆದರೆ ತಾರೀಕು ಮುಂಚೆಯೇ ಬರೆದಿಟ್ಟಿರುತ್ತಾರೆ ಎಂದೆ. ಆಮೇಲೆ ಬೀದಿಯ ಸುದ್ದಿ ಹೇಳಿದಳು. ಕೊಳವೆ ಗ್ಯಾಸಿಗೆ ಅವರ ರಸ್ತೆ ಅಗೆಯುತ್ತಿದ್ದಾರೆ, ಸಂಪರ್ಕ ಬೇಕೋ ಎಂದು ಕೇಳಲು ಒಬ್ಬ ಬಂದಿದ್ದ. ಅದರಲ್ಲಿ ಬರುವುದು ಮೀಥೇನ್, ಗಾಳಿಗಿಂತ ಹಗುರ, ಸೋರಿದರೆ ಮೇಲಕ್ಕೇರುತ್ತದೆ. ಪೆಟ್ಟಿಗೆಯೂ ಆಗ ಮೇಲಕ್ಕೆ ಹೋಗಬೇಕು, ಆ ಅನಿಲಕ್ಕೆ ಹೊಂದುವಂಥದ್ದೇ ಆಗಿರಬೇಕು.

"ಹಾಗಾದ್ರೆ ಆ ತೂತು ಮುಚ್ಚಿಸೋದು ಬೇಡ" ಎಂದಳು ದೊಡ್ಡಮ್ಮ.